ಡಿಸ್ನಿ ಒಳಗೆ ಉಳಿದರೆ ಕ್ಯೂ ಇಲ್ಲ ಅನ್ನೋದು ನಿಜವಲ್ಲ

ಅಮೆರಿಕದ ಒರ್ಲಾಂಡೋಗೆ ಹೊರಟವರಿಗೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬರುತ್ತಿದೆ: "ಡಿಸ್ನಿ ವರ್ಲ್ಡ್ ಒಳಗಿನ ಹೋಟೆಲ್‌ನಲ್ಲೇ ಉಳಿಯಿರಿ. ಕ್ಯೂ ಇಲ್ಲ, ಏರ್‌ಪೋರ್ಟ್ ಬಸ್ ಫ್ರೀ. ಹೊರಗೆ ಉಳಿದರೆ ಏನೂ ಸಿಗಲ್ಲ." ದಯವಿಟ್ಟು ಇದನ್ನು ನಂಬಿ ದುಡ್ಡು ಸುರಿಯಬೇಡಿ.

ಆ ಫ್ರೀ ಬಸ್ 2022ರ ಜನವರಿಯಲ್ಲೇ ನಿಂತುಹೋಯಿತು.

ಕ್ಯೂ ತಪ್ಪಿಸುವ ಲೈಟ್ನಿಂಗ್ ಲೇನ್‌ಗೆ ಒಳಗೆ ಉಳಿದವರೂ ಬೇರೆ ದುಡ್ಡು ಕೊಡಬೇಕು. ಅವರು 7 ದಿನ ಮೊದಲೇ ಬುಕ್ ಮಾಡಬಹುದು, ಉಳಿದವರು 3 ದಿನ ಮೊದಲು. ಕ್ಯೂ ವಿಷಯದಲ್ಲಿ ವ್ಯತ್ಯಾಸ ಅಷ್ಟೇ. ಒಳಗೆ ಉಳಿದವರನ್ನು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಪಾರ್ಕ್ ಒಳಗೆ ಬಿಡುತ್ತಾರೆ, ಅದು ನಿಜಕ್ಕೂ ಒಳ್ಳೆಯ ಸೌಲಭ್ಯ. ಆದರೆ ಚಿಕ್ಕ ಮಕ್ಕಳನ್ನು ಎಬ್ಬಿಸಿ, ತಿಂಡಿ ತಿನ್ನಿಸಿ ಅಷ್ಟು ಹೊತ್ತಿಗೆ ಗೇಟ್ ಮುಂದೆ ನಿಲ್ಲಲು ಆಗುತ್ತಾ? ಆಗದಿದ್ದರೆ ಅದೂ ವ್ಯರ್ಥ. ಅಲ್ಲದೆ ಡಿಸ್ನಿಯ ಶಾಪಿಂಗ್ ಪ್ರದೇಶವಾದ ಡಿಸ್ನಿ ಸ್ಪ್ರಿಂಗ್ಸ್ ಬಳಿಯ ಕೆಲವು ಬೇರೆ ಕಂಪನಿಗಳ ಹೋಟೆಲ್‌ನವರಿಗೂ ಈ ಸೌಲಭ್ಯ ಇದೆ.

ಬಹುಶಃ ಗೊಂದಲ ಹುಟ್ಟಿದ್ದು ಒರ್ಲಾಂಡೋದ ಇನ್ನೊಂದು ಥೀಮ್ ಪಾರ್ಕ್ ಯೂನಿವರ್ಸಲ್‌ನಿಂದ. ಅಲ್ಲಿ ಪೋರ್ಟೊಫಿನೊ ಬೇ, ಹಾರ್ಡ್ ರಾಕ್, ರಾಯಲ್ ಪೆಸಿಫಿಕ್ ಈ ಮೂರು ಹೋಟೆಲ್‌ಗಳಲ್ಲಿ ಉಳಿದವರಿಗೆ ಕ್ಯೂ ತಪ್ಪಿಸುವ ಎಕ್ಸ್‌ಪ್ರೆಸ್ ಪಾಸ್ ಬಾಡಿಗೆಯಲ್ಲಿ ಸೇರಿಯೇ ಬರುತ್ತದೆ. ಅಗ್ಗದ ಕಬಾನಾ ಬೇಯಲ್ಲಿ ಇಲ್ಲ. 2025ರಲ್ಲಿ ತೆರೆದ ಯೂನಿವರ್ಸಲ್‌ನ ಹೊಸ ಪಾರ್ಕ್ ಎಪಿಕ್ ಯೂನಿವರ್ಸ್‌ಗೆ ಆ ಪಾಸ್ ನಡೆಯಲ್ಲ.

ಹಾಗಂತ ಹೊರಗಿನ ಹೋಟೆಲ್ ಯಾವಾಗಲೂ ಅಗ್ಗ ಅಂತಲೂ ಅಲ್ಲ. ಡಿಸ್ನಿ ಹೋಟೆಲ್‌ನವರಿಗೆ ಪಾರ್ಕ್ ಪಾರ್ಕಿಂಗ್ ಫ್ರೀ, ಹೊರಗಿನವರು ದಿನಾ ಕಟ್ಟಬೇಕು. ಕೆಲವು ಹೊರಗಿನ ಹೋಟೆಲ್‌ಗಳು ಬಾಡಿಗೆಯ ಮೇಲೆ ರೆಸಾರ್ಟ್ ಫೀ ಎಂಬ ಹೆಚ್ಚುವರಿ ಶುಲ್ಕ ಸೇರಿಸುತ್ತವೆ. ಬುಕ್ ಮಾಡುವ ಮೊದಲು ಇವೆರಡನ್ನೂ ಕೂಡಿಸಿ ನೋಡಿ.