ಲಿಪಿ ಬದಲಾದರೂ ಬೆರಳಿಗೆ ಒಂದೇ ಪಾಠ

ಒಮ್ಮೆ ಭಾವನಿಗೆ ‘ನಾಳೆಯೊಳಗೆ ಫೀಸು ಕಟ್ಟಿಬಿಡಿ’ ಅಂತ ಮೇಲ್ ಬರೆದೆ. ಹೋಗಿದ್ದು ‘ಫೀಸು ಕತ್ತಿಬಿಡಿ’ ಅಂತ. ‘ಕತ್ತಿ ಯಾಕಪ್ಪಾ, ದುಡ್ಡು ಸಾಲ್ದಾ?’ ಅಂತ ಉತ್ತರ ಬಂತು.

ತಪ್ಪು ನನ್ನದೇ. ಇಂಗ್ಲಿಷ್ ಅಕ್ಷರ ಕುಟ್ಟಿ ಕನ್ನಡ ಮೂಡಿಸುತ್ತಿದ್ದೆ. ಅದರಲ್ಲಿ ಬರೀ ಟಿ ಒತ್ತಿದರೆ ತ, ಶಿಫ್ಟ್ ಹಿಡಿದು ಒತ್ತಿದರೆ ಟ. ಬೆರಳು ಶಿಫ್ಟ್ ಮರೆತಿತ್ತು. ಹೊಸಬರಿಗೆ ಈ ದಾರಿ ಸುಲಭ, ಒಪ್ಪುತ್ತೇನೆ. ಆದರೆ ‘ಕನ್ನಡ’ ಅಂತ ಬರೆಯಲು ಮೊದಲು ತಲೆಯಲ್ಲಿ ಇಂಗ್ಲಿಷ್ ಸ್ಪೆಲ್ಲಿಂಗ್ ಕಟ್ಟಿಕೊಳ್ಳಬೇಕು. ಏಳು ಅಕ್ಷರ, ಜೊತೆಗೊಂದು ಶಿಫ್ಟ್. ನಮ್ಮ ಪದಕ್ಕೆ ನಾವೇ ಬಳಸು ದಾರಿಯಲ್ಲಿ ಹೋದ ಹಾಗೆ, ಅಲ್ವಾ?

‘ನುಡಿ’ ಅನ್ನುವ ಕನ್ನಡ ತಂತ್ರಾಂಶ ಬಳಸಿದವರಿಗೆ ಕೆ.ಪಿ. ರಾವ್ ಅವರ ಕೀಲಿ ವಿನ್ಯಾಸ ಗೊತ್ತು. ಅದರಲ್ಲಿ ‘ಕನ್ನಡ’ಕ್ಕೆ ಐದೇ ಒತ್ತು: ಕೆ, ಎನ್, ಎಫ್, ಎನ್, ಡಬ್ಲ್ಯೂ. ಎಫ್ ಅಂದರೆ ಅರ್ಧಾಕ್ಷರದ ಕೊಂಡಿ. ಬಹಳ ಜಾಣ ಏರ್ಪಾಡು. ಕನ್ನಡ ಮಾತ್ರ ಬರೆಯುವವರು ಕಣ್ಣು ಮುಚ್ಚಿ ಇದನ್ನೇ ಕಲಿಯಬಹುದು.

ನನ್ನ ಪಾಡು ಬೇರೆ. ಕರ್ನಾಟಕದಿಂದ ಆಚೆ ಇರುವವನಿಗೆ ಆಫೀಸಿನಲ್ಲಿ ಇಂಗ್ಲಿಷು, ಹಿಂದಿ, ಮನೆಯವರಿಗೆ ಕನ್ನಡ. ಅದಕ್ಕೇ ಇನ್‌ಸ್ಕ್ರಿಪ್ಟ್ ಹಿಡಿದೆ. 1991ರ ಭಾರತೀಯ ಮಾನಕದಲ್ಲೂ ಇರುವ ವಿನ್ಯಾಸ ಇದು. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ಕನ್ನಡದ ಕ ಇರುವ ಕೀಲಿಯಲ್ಲೇ ಹಿಂದಿ, ತೆಲುಗು, ತಮಿಳಿನ ಕ ಕೂಡ. ಬೆರಳು ಒಂದು ಸಲ ಕಲಿತರೆ ಸಾಕು. ಮೊದಲ ಎರಡು ವಾರ ಮಾತ್ರ ಕೈ ಕಟ್ಟಿ ಹಾಕಿದ ಹಾಗಿತ್ತು.

ಇದನ್ನು ಕೂರಿಸುವುದು ದೊಡ್ಡ ಕೆಲಸವೇನಲ್ಲ. ವಿಂಡೋಸ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ಭಾಷೆ ಸೇರಿಸಿದರೆ ಆಯಿತು. ವಿಂಡೋಸ್ ಕೀಲಿ ಹಿಡಿದು ಸ್ಪೇಸ್ ಒತ್ತಿದರೆ ಭಾಷೆ ಬದಲು. ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪ್‌ನಲ್ಲೂ ಹಾಗೇ. ಬೇಡದ ಎರಡನೇ ಇಂಗ್ಲಿಷ್ ಕೀಬೋರ್ಡ್ ಪಟ್ಟಿಯಲ್ಲಿ ಸುಮ್ನೆ ಕೂತಿದ್ದರೆ ಕಿತ್ತುಹಾಕಿ, ಸ್ಪೇಸ್ ಒತ್ತುವುದು ಕಡಿಮೆಯಾಗುತ್ತದೆ. ಇನ್ನೊಂದು: ಪ್ರತಿ ಕಿಟಕಿಗೂ ಬೇರೆ ಭಾಷೆ ಇಟ್ಟುಕೊಳ್ಳುವ ಆಯ್ಕೆ ಎರಡರಲ್ಲೂ ಇದೆ. ಅದನ್ನು ಹಾಕಿಕೊಳ್ಳುವ ಮೊದಲು ನಾನು ಕನ್ನಡ ಕೀಬೋರ್ಡಿನಲ್ಲೇ ಪಾಸ್‌ವರ್ಡ್ ಕುಟ್ಟಿ, ಮೂರು ಸಲ ತಪ್ಪಾಗಿ, ಖಾತೆಗೆ ಬೀಗ ಹಾಕಿಸಿಕೊಂಡಿದ್ದೇನೆ. ಕಾಣುವುದು ಬರೀ ಚುಕ್ಕಿಗಳು ತಾನೇ!

ಇನ್‌ಸ್ಕ್ರಿಪ್ಟಿನಲ್ಲೂ ಒಂದು ಎಡವಟ್ಟಿದೆ. ಹಿಂದಿಯಲ್ಲಿ ಎ, ಏ ಬೇರೆಬೇರೆ ಇಲ್ಲ. ಅಲ್ಲಿ ದಿನವೆಲ್ಲ ಬಳಸುವ ಎಸ್ ಕೀಲಿ ನಮ್ಮ ಏತ್ವ. ನಮ್ಮ ಎತ್ವ ಇರುವುದು ಕೆಳಗೆ ಮೂಲೆಯ ಝಡ್‌ನಲ್ಲಿ. ಒಂದು ಗಂಟೆ ಹಿಂದಿ ಬರೆದು ಕನ್ನಡಕ್ಕೆ ತಿರುಗಿದರೆ ‘ಮನೆಗೆ ಹೋದೆ’ ಅನ್ನುವುದು ‘ಮನೇಗೇ ಹೋದೇ’ ಆಗಿಬಿಡುತ್ತದೆ. ರಾಗ ಎಳೆಯುತ್ತೀಯಲ್ಲೋ ಅಂತ ಭಾವ ಕಿಚಾಯಿಸುತ್ತಾರೆ. ಇರಲಿ, ಕತ್ತಿಗಿಂತ ವಾಸಿ.