ಗೇಟಿಲ್ಲದ ಬೆಟ್ಟ

ಸ್ಕಾಟ್ಲೆಂಡಿನ ಗ್ಲೆನ್‌ಶೀ ಕಣಿವೆಯ ಪಾರ್ಕಿಂಗ್‌ನಲ್ಲಿ ಬೂಟಿನ ಲೇಸು ಬಿಗಿಯುತ್ತಿದ್ದೆ. ಪಕ್ಕದ ಕಾರಿನಿಂದ ಇಳಿದ ಅರವತ್ತು ದಾಟಿದ ಹೆಂಗಸೊಬ್ಬರು, "ಬೂಟಿಗೆ ಕಟ್ಟುವ ಮುಳ್ಳಿನ ಕ್ರಾಂಪಾನ್ ಇದೆ ತಾನೇ? ಮೇಲೆ ಗಾಳಿ ಜಾಸ್ತಿ. ಅಂಚಿನ ಹತ್ತಿರ ಹೋಗಬೇಡಿ, ಹಿಮ ಹೊರಗೆ ಚಾಚಿಕೊಂಡಿರುತ್ತೆ, ಕೆಳಗೆ ನೆಲ ಇರಲ್ಲ" ಅಂದರು. ಅಷ್ಟೇ. ವಾಪಸ್ ಹೋಗಿ ಅನ್ನಲಿಲ್ಲ, ಎಲ್ಲಿಯವರು ಅಂತ ಕೇಳಲೂ ಇಲ್ಲ. ಕೋಲು ಹಿಡಿದು ತಮ್ಮ ಪಾಡಿಗೆ ಹೊರಟರು.

ನನಗೆ ತಕ್ಷಣ ನೆನಪಾಗಿದ್ದು ನಮ್ಮ ಕಡೆಯ ಒಂದು ಬೆಟ್ಟದ ಚೆಕ್‌ಪೋಸ್ಟ್. ಆಧಾರ್ ನೋಡಿದರು, ಟಿಕೆಟ್ ನೋಡಿದರು, ಬ್ಯಾಗು ಬಿಚ್ಚಿಸಿ ಪ್ಲಾಸ್ಟಿಕ್ ಬಾಟಲಿ ಎಣಿಸಿದರು. ಮೇಲೆ ನೀರಿಲ್ಲ, ಮಂಜು ಮುಸುಕಿದರೆ ಎಡಗಡೆ ದಾರಿ ತಪ್ಪುತ್ತೆ ಅಂತ ಮಾತ್ರ ಒಬ್ಬರೂ ಹೇಳಲಿಲ್ಲ. ಅದು ನಮಗೆ ಗೊತ್ತಾಗಿದ್ದು ಮಂಜು ಮುಸುಕಿದ ಮೇಲೆ.

ಸ್ಕಾಟ್ಲೆಂಡಿನಲ್ಲಿ 3000 ಅಡಿ ದಾಟಿದ ಶಿಖರಗಳಿಗೆ ಮನ್ರೋ ಅಂತಾರೆ. 1891ರಲ್ಲಿ ಹ್ಯೂ ಮನ್ರೋ ಪಟ್ಟಿ ಮಾಡಿದ್ದು. ಈಗಿನ ಲೆಕ್ಕದಲ್ಲಿ 282 ಇವೆ. ಗ್ಲೆನ್‌ಶೀಯಲ್ಲಿ ರಸ್ತೆಯೇ ಸುಮಾರು 670 ಮೀಟರ್ ಎತ್ತರದಲ್ಲಿ ಇರೋದರಿಂದ, ಚಳಿಗಾಲದ ಪುಟ್ಟ ಹಗಲಿನಲ್ಲೂ ಮೂರು ಮನ್ರೋ ಮುಗಿಸಬಹುದು. ಮೊದಲು ಕಾರ್ನ್ ಓಸ್ಡ, ಆಮೇಲೆ ದೂರದ ಕಾರ್ನ್ ಎ ಯೋಯಿ, ಬರುವಾಗ ಕೇರ್ನ್‌ವೆಲ್.

ಸ್ಕೀ ಲಿಫ್ಟುಗಳ ಸದ್ದು ಹಿಂದೆ ಬಿದ್ದ ಮೇಲೆ ಬೆಟ್ಟ ಪೂರ್ತಿ ಬಿಳಿ. ಬೇಲಿ ಕಂಬಗಳ ಮೇಲೆ ಗಾಳಿ ಬರುವ ದಿಕ್ಕಿಗೇ ಮಂಜುಗಡ್ಡೆ ಹಕ್ಕಿಗರಿಯ ಹಾಗೆ ಬೆಳೆದಿತ್ತು. ಹಿಮದ ಪುಡಿ ಮೊಣಕಾಲ ಮಟ್ಟದಲ್ಲಿ ಹರಿಯುತ್ತಿತ್ತು. ಒಂದು ಬಿಳಿ ಮೊಲ ನಾನು ತೀರಾ ಹತ್ತಿರ ಹೋಗುವವರೆಗೂ ಕದಲಲಿಲ್ಲ. ಚಪಾತಿ, ಚಟ್ನಿಪುಡಿ ಬಿಚ್ಚಿದರೆ ಚಪಾತಿ ಹಪ್ಪಳದಂತೆ ಮುರಿಯಿತು. ತಿನ್ನಲೂ ಕೈಗವಸು ತೆಗೆಯುವ ಧೈರ್ಯ ಬರಲಿಲ್ಲ.

ಇಂಥ ಜಾಗಕ್ಕೆ ಗೇಟಿಲ್ಲ, ಟಿಕೆಟ್ ಇಲ್ಲ. ಬೆಟ್ಟ ಖಾಸಗಿ ಎಸ್ಟೇಟಿನದ್ದಾದರೂ 2003ರ ಭೂ ಸುಧಾರಣಾ ಕಾಯ್ದೆ ಪ್ರಕಾರ ಜವಾಬ್ದಾರಿಯಿಂದ ನಡೆಯುವ ಹಕ್ಕು ಎಲ್ಲರಿಗೂ ಇದೆ. ಹಾಗಂತ ಸುಮ್ನೆ ಕೈಬಿಟ್ಟಿಲ್ಲ. ಚಳಿಗಾಲದಲ್ಲಿ ಯಾವ ದಿಕ್ಕಿನ ಇಳಿಜಾರಿನಲ್ಲಿ ಹಿಮ ಕುಸಿಯಬಹುದು ಅಂತ ದಿನವೂ ಮುನ್ಸೂಚನೆ ಬರುತ್ತೆ. ಬೆಟ್ಟದ ಹವಾಮಾನ ವರದಿಯಲ್ಲಿ ಗಾಳಿಯ ವೇಗದ ಜೊತೆಗೆ ಆ ಗಾಳಿಯಲ್ಲಿ ನಡೆಯೋದು ಎಷ್ಟು ಕಷ್ಟ ಅಂತಲೂ ಬರೆದಿರುತ್ತಾರೆ. ಅಪಾಯವಾದರೆ ಬರುವ ಮೌಂಟನ್ ರೆಸ್ಕ್ಯೂ ತಂಡದವರು ಹೆಚ್ಚಾಗಿ ಸಂಬಳವಿಲ್ಲದ ಸ್ವಯಂಸೇವಕರು, ದುಡ್ಡು ಕೇಳಲ್ಲ. ಎಲ್ಲ ತಿಳಿಸಿ, ಹೋಗೋದು ಬಿಡೋದು ನಿಮ್ಮ ಕೈಲಿ ಅಂತಾರೆ. ನನ್ನನ್ನು ದೊಡ್ಡವನೆಂದು ನಂಬಿದ ಈ ರೀತಿ ನನಗೆ ತುಂಬಾ ಇಷ್ಟವಾಯಿತು. ಆ ನಂಬಿಕೆಗೇ ನಾನು ಹಿಂದಿನ ರಾತ್ರಿ ನಕ್ಷೆ ಹರಡಿಕೊಂಡು ಕೂತೆ. ಊರಲ್ಲಿ ಟಿಕೆಟ್ ಸಿಕ್ಕರೆ ಸಾಕು, ಉಳಿದಿದ್ದು ಗೈಡ್ ನೋಡ್ಕೋತಾನೆ ಅಂತ ಇದ್ದುಬಿಡುತ್ತೇವೆ ಅಲ್ವಾ?

ಇಷ್ಟು ಹೇಳಿದ ಮೇಲೆ ಒಂದು ಮಾತು ಒಪ್ಪಲೇಬೇಕು. ಇಡೀ ಸ್ಕಾಟ್ಲೆಂಡಿನ ಜನಸಂಖ್ಯೆ ಸುಮಾರು 55 ಲಕ್ಷ, ಬೆಂಗಳೂರೊಂದರಲ್ಲೇ ಅದರ ದುಪ್ಪಟ್ಟು ಮೀರಿ ಜನ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಸಾಲುಗಟ್ಟಿದ್ದನ್ನು ಫೋನಿನಲ್ಲಿ ನಾನೂ ನೋಡಿದೆ. ಆನ್‌ಲೈನ್ ಬುಕಿಂಗ್ ಬರದೆ ಬೇರೆ ದಾರಿ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ಆನೆಯಿಲ್ಲ, ಬೇಸಿಗೆಯ ಕಾಡ್ಗಿಚ್ಚಿಗೆ ಹೆದರಿ ಕಾಯುವ ಶೋಲಾ ಕಾಡೂ ಇಲ್ಲ. ಗ್ಲೆನ್‌ಶೀ ಬೆಟ್ಟಗಳು ಬೋಳು. ಜೊತೆಗೆ, ಕುಮಾರ ಪರ್ವತದ ದಾರಿಯ ಭಟ್ಟರ ಮನೆಯ ಜಗಲಿಯಲ್ಲಿ ಕೂತು ಬಿಸಿ ಅನ್ನ, ಸಾರು, ಮಜ್ಜಿಗೆ ಉಣ್ಣುವ ಸುಖ ಇಲ್ಲಿನ ಯಾವ ಮನ್ರೋ ಇಳಿದರೂ ಸಿಗಲ್ಲ.

ಗೇಟು ಇರಲಿ. ಆದರೆ ಆ ಗೇಟಿನಲ್ಲಿ ಕೂತ ವಾಚರ್‌ಗೆ ಬೆಟ್ಟದ ಒಂದೊಂದು ತಿರುವೂ ಗೊತ್ತು. ಬಾಟಲಿ ಎಣಿಸುವಾಗ ಅವರು ಎರಡು ಮಾತು ಹೇಳಲಿ: ಇವತ್ತು ನೀರು ಎಲ್ಲಿದೆ, ಎಷ್ಟು ಗಂಟೆಗೆ ಹಿಂದಿರುಗಬೇಕು.