ಎರಡು ಎಂಜಿನ್ನಿನ ದೋಣಿಯೂ ಧನ-ಋಣದ ಲೆಕ್ಕವೂ

ಎರಡು ದೋಣಿಯ ಮೇಲೆ ಕಾಲಿಡಬಾರದು ಎಂದು ಹಿರಿಯರು ಹೇಳಿದ್ದಾರೆ. ಒಂದು ದೋಣಿಗೆ ಎರಡು ಎಂಜಿನ್ ಇರಬಾರದು ಎಂದು ಯಾರೂ ಹೇಳಿರಲಿಲ್ಲ. ಆದ್ದರಿಂದ ಹಿಂಬದಿಯಲ್ಲಿ ಜೋಡಿ ಔಟ್‌ಬೋರ್ಡ್ ಎಂಜಿನ್ ಇರುವ ದೋಣಿಯನ್ನೇ ಕೊಂಡೆ. ನಡುನೀರಿನಲ್ಲಿ ಒಂದು ಕೈಕೊಟ್ಟರೆ ಇನ್ನೊಂದು ದಡ ಸೇರಿಸುತ್ತದೆ ಎಂಬುದು ನನ್ನ ವಾದ. ಒಂದನ್ನೇ ನೋಡಿಕೊಳ್ಳಲು ಬಾರದವರಿಗೆ ಎರಡೇಕೆ ಎಂಬುದು ಹೆಂಡತಿಯ ವಾದ.

ತೀರ್ಪು ಬಂದದ್ದು ಒಂದು ಸಂಜೆ. ನಾನು ಮತ್ತು ಹೆಂಡತಿಯ ತಮ್ಮ ಲಂಗರು ಇಳಿಸಿ ಗಾಳ ಹಾಕಿ ಕುಳಿತಿದ್ದೆವು. ಹಾಡು ಕೇಳುತ್ತಿತ್ತು, ದೀಪ ಉರಿಯುತ್ತಿತ್ತು, ಮೀನು ಎಲ್ಲಿದೆ ಎಂದು ತೋರಿಸುವ ಯಂತ್ರವು ಮೀನು ಎಲ್ಲಿಯೂ ಇಲ್ಲ ಎಂಬುದನ್ನು ಐದು ಗಂಟೆಗಳ ಕಾಲ ನಿಷ್ಠೆಯಿಂದ ತೋರಿಸುತ್ತಿತ್ತು. ಹೊರಡುವಾಗ ಎಡಗಡೆಯ ಎಂಜಿನ್ನಿನ ಕೀಲಿ ತಿರುಗಿಸಿದೆ. ‘ಟಕ್’ ಎಂದಿತು. ಚಿಂತೆಯಿಲ್ಲ, ಇನ್ನೊಂದು ಇರುವುದೇ ಇದಕ್ಕಲ್ಲವೇ? ಬಲಗಡೆಯದನ್ನು ತಿರುಗಿಸಿದೆ. ಅದೂ ‘ಟಕ್’ ಎಂದಿತು, ಸ್ವಲ್ಪ ಮೆಲ್ಲಗೆ, ಸಾವಿನ ಮನೆಗೆ ಬಂದವರ ದನಿಯಲ್ಲಿ.

ನಮ್ಮನ್ನು ಎಳೆದು ತಂದದ್ದು ಒಂದು ಪುಟ್ಟ ಹಳೆಯ ದೋಣಿ. ಅದರ ಯಜಮಾನರು ನನ್ನ ಎರಡು ಎಂಜಿನ್ನುಗಳನ್ನು ನೋಡಿದರು, ನನ್ನನ್ನು ನೋಡಿದರು, ಏನೂ ಹೇಳಲಿಲ್ಲ. ತಮ್ಮ ಒಂಟಿ ಎಂಜಿನ್ನಿನ ಹಗ್ಗವನ್ನು ಒಮ್ಮೆ ಜಗ್ಗಿದರು. ಅದು ಗುರ್ರೆಂದಿತು. “ನಿಮ್ಮ ಬ್ಯಾಟರಿ ಯಾವುದು?” ಎಂದು ಕೇಳಿದೆ. “ಇದಕ್ಕೆ ಬ್ಯಾಟರಿಯೇ ಇಲ್ಲವಲ್ಲ!” ಎಂದರು.

ತಪ್ಪು ಯಾವ ಬ್ಯಾಟರಿ ಬಳಸಬೇಕೆಂದು ಆರಿಸುವ ಸ್ವಿಚ್ಚಿನದು ಎಂದು ಹೇಳಲು ನನಗೆ ಆಸೆ. ಅದರ ಮೇಲೆ ಒಂದು, ಎರಡು, ಎರಡೂ, ಆಫ್ ಎಂಬ ನಾಲ್ಕು ಸ್ಥಾನಗಳಿವೆ. ‘ಎರಡೂ’ ಇರುವಾಗ ಒಂದನ್ನು ಮಾತ್ರ ಆರಿಸುವುದು ಜಿಪುಣತನ ಎಂದುಕೊಂಡು ಕೊಂಡ ದಿನದಿಂದ ಅಲ್ಲಿಯೇ ಇಟ್ಟಿದ್ದೆ. ಹೀಗಾಗಿ ಹಾಡು ಎರಡು ಬ್ಯಾಟರಿಗಳನ್ನೂ ಸಮನಾಗಿ ಹೀರಿತ್ತು. ಎರಡು ಎಂಜಿನ್ನಿನ ಭದ್ರತೆಯನ್ನು ಒಂದೇ ಗುಬುಟಿನಿಂದ ರದ್ದು ಮಾಡಿದ್ದೆ.

ಮರುದಿನ ಮೀಟರು ಹಿಡಿದರೆ 12 ವೋಲ್ಟ್ ತೋರಿಸಿತು. ಹನ್ನೆರಡಕ್ಕೆ ಹನ್ನೆರಡು! ನಾನು ಶಾಲೆಯಲ್ಲಿ ಎಂದೂ ಕಾಣದ ಅಂಕ. ಭಾವಮೈದುನ ನನ್ನ ಸಂತೋಷವನ್ನು ಹೆಚ್ಚು ಹೊತ್ತು ಬದುಕಲು ಬಿಡಲಿಲ್ಲ. ಸೀಸದ ಬ್ಯಾಟರಿಯಲ್ಲಿ ಆರು ಕೋಶಗಳು, ತಲಾ 2.1 ವೋಲ್ಟ್, ತುಂಬಿದ ಬ್ಯಾಟರಿ 12.6 ತೋರಿಸಬೇಕು. 12 ಎಂದರೆ ಮುಕ್ಕಾಲು ಪಾಲು ಖಾಲಿ. ಇಡೀ ದಿನ ಚಾರ್ಜಿಗೆ ಹಾಕಿದರೂ ಅವು ಮೇಲೇಳಲಿಲ್ಲ. ಮೈಮೇಲೆ ಅಚ್ಚಾಗಿದ್ದ ತಯಾರಿಕೆಯ ತಿಂಗಳನ್ನು ನೋಡಿದರೆ ಏಳು ವರ್ಷ ದಾಟಿತ್ತು. ಒಂದನ್ನು ಮಾತ್ರ ಬದಲಿಸೋಣ ಎಂದೆ. ಹಳೆಯದರ ಜೊತೆ ಹೊಸದನ್ನು ಕೂಡಿಸಿದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ ಎಂದ. ಸಹವಾಸದೋಷ ಬ್ಯಾಟರಿಗಳಿಗೂ ತಪ್ಪಿದ್ದಲ್ಲ.

ಅಂಗಡಿಯಲ್ಲಿ ಒಂದೇ ಗಾತ್ರದ ಎರಡು ಡಬ್ಬಗಳಿದ್ದವು. ಒಂದರ ಮೇಲೆ 800, ಇನ್ನೊಂದರ ಮೇಲೆ 1000. ಸಾವಿರದ್ದನ್ನು ಅಪ್ಪಿಕೊಂಡೆ. “ಭಾವ, ಅಂಕಿಯ ಪಕ್ಕದ ಅಕ್ಷರ ಓದಿದಿರಾ?” 800ರ ಪಕ್ಕದಲ್ಲಿ ಸಿಸಿಎ, 1000ದ ಪಕ್ಕದಲ್ಲಿ ಎಂಸಿಎ. ಮೊದಲನೆಯದು ಮೈನಸ್ 18 ಡಿಗ್ರಿ ಚಳಿಯಲ್ಲಿ 7.2 ವೋಲ್ಟಿಗಿಂತ ಕೆಳಗಿಳಿಯದೆ ಮೂವತ್ತು ಸೆಕೆಂಡು ಕೊಡಬಲ್ಲ ಆಂಪಿಯರು. ಎರಡನೆಯದು ಅದೇ ಪರೀಕ್ಷೆ, ಆದರೆ ಸೊನ್ನೆ ಡಿಗ್ರಿಯಲ್ಲಿ. ಪ್ರಶ್ನೆಪತ್ರಿಕೆ ಸುಲಭವಾದರೆ ಅಂಕ ಹೆಚ್ಚು, ಅಷ್ಟೆ. ಎರಡರ ಶಕ್ತಿಯೂ ಹೆಚ್ಚು ಕಡಿಮೆ ಒಂದೇ. ನಮಗೆ ಬೇಕಾದದ್ದು ಎಷ್ಟು ಎಂಬುದು ಎಂಜಿನ್ನಿನ ಕೈಪಿಡಿಯಲ್ಲಿತ್ತು. ಕೈಪಿಡಿ ದೋಣಿಯ ಆಸನದ ಕೆಳಗೆ, ಬಿಚ್ಚದ ಪ್ಲಾಸ್ಟಿಕ್ ಚೀಲದಲ್ಲಿ, ಹೊಸದಾಗಿಯೇ ಇತ್ತು.

ಎಂಜಿನ್ ಎಬ್ಬಿಸುವ ಬ್ಯಾಟರಿ ಬೇರೆ, ಹಾಡು ಕೇಳಿಸುವ ಬ್ಯಾಟರಿ ಬೇರೆ ಎಂಬುದು ತಿಳಿದದ್ದೂ ಆಗಲೇ. ಸ್ಟಾರ್ಟರ್ ಬ್ಯಾಟರಿಯ ಒಳಗೆ ತೆಳುವಾದ ಬಹಳಷ್ಟು ಫಲಕಗಳು; ಪೈಲ್ವಾನನ ಹಾಗೆ ಒಂದೇ ಪಟ್ಟಿಗೆ ಎತ್ತಿ ಒಗೆದು ಕೂರುತ್ತದೆ. ಹಾಡಿಗೆ ಬೇಕಾದ ‘ಡೀಪ್ ಸೈಕಲ್’ ಬ್ಯಾಟರಿಯಲ್ಲಿ ದಪ್ಪ ಫಲಕಗಳು. ಹಮಾಲಿಯ ಹಾಗೆ ದಿನವಿಡೀ ಹೊರುತ್ತದೆ. ನಾನು ಏಳು ವರ್ಷ ಪೈಲ್ವಾನರಿಂದ ಮೂಟೆ ಹೊರಿಸಿದ್ದೆ. ಲಿಥಿಯಂ ಬ್ಯಾಟರಿಯ ಹಗುರ ಮೈ ನೋಡಿ ಒಂದು ಕ್ಷಣ ಮನಸ್ಸು ಜಾರಿತು. ಆದರೆ ಅದರೊಳಗಿನ ಕಾವಲುಗಾರ ಸರ್ಕ್ಯೂಟು ತನಗೆ ಸರಿಬರದಿದ್ದರೆ ನಡುವೆಯೇ ಸಂಪರ್ಕ ಕಡಿಯುತ್ತದೆ. ಎಂಜಿನ್ ಓಡುತ್ತಿರುವಾಗ ಹಾಗಾದರೆ ಅದರ ಚಾರ್ಜಿಂಗ್ ವ್ಯವಸ್ಥೆಗೆ ಏಟು. ನಮ್ಮ ಕೈಪಿಡಿಯೂ ಬೇಡ ಎಂದಿತ್ತು. ಮುನಿಸಿಕೊಂಡು ಬಾಗಿಲು ಹಾಕಿಕೊಳ್ಳುವವರು ನನಗೆ ಈಗಾಗಲೇ ಸಾಕಷ್ಟು ಪರಿಚಯ. ಕೊನೆಗೆ ಎಜಿಎಂ ಜಾತಿಯ, ಅಂದರೆ ಆಮ್ಲವನ್ನು ಗಾಜಿನ ಎಳೆಗಳ ಹಾಸಿನಲ್ಲಿ ಹೀರಿಸಿಟ್ಟ ಸೀಸದ ಬ್ಯಾಟರಿಗಳು ಮೂರು ತೀರ್ಮಾನವಾದವು: ಎಂಜಿನ್ನಿಗೊಂದು ಪೈಲ್ವಾನ್, ಹಾಡಿಗೊಬ್ಬ ಹಮಾಲಿ. ಎಂಜಿನ್ ಓಡುವಾಗ ಮಾತ್ರ ಮೂವರನ್ನೂ ಕೂಡಿಸಿ, ನಿಂತ ಮೇಲೆ ಬಿಡಿಸಿಡುವ ಒಂದು ರಿಲೇ.

ತಲಾ ಸುಮಾರು 30 ಕಿಲೋ. ಮೊದಲನೆಯದನ್ನು ಎದೆಗವಚಿಕೊಂಡು ಬಲಗಾಲನ್ನು ದೋಣಿಯ ಅಂಚಿಗೆ ಇಟ್ಟೆ. ಎಡಗಾಲು ಕಟ್ಟೆಯ ಮೇಲೆಯೇ ಇತ್ತು. ದೋಣಿ ನಿಧಾನವಾಗಿ, ಯಾವ ದ್ವೇಷವೂ ಇಲ್ಲದೆ, ದೂರ ಸರಿಯತೊಡಗಿತು. ಹಿರಿಯರು ಎರಡು ದೋಣಿ ಎಂದಿದ್ದರು. ಒಂದು ದೋಣಿ, ಒಂದು ಕಟ್ಟೆಯಾದರೂ ಫಲ ಅದೇ. “ಭಾವ, ಬಿಡಬೇಡಿ!” ಎಂದು ಕೂಗುತ್ತ ಓಡಿಬಂದ. ಎರಡೂ ಕೈಗಳಿಂದ ಬ್ಯಾಟರಿಯನ್ನು ಹಿಡಿದುಕೊಂಡ. ನಾನು ನೀರಿಗೆ ಬಿದ್ದೆ.

ಒದ್ದೆ ಬಟ್ಟೆಯಲ್ಲಿಯೇ ಕೂರಿಸಲು ಹೋದರೆ ಹೊಸದರ ಧನ ಟರ್ಮಿನಲ್ ಹಳೆಯದರ ಎದುರು ಪಕ್ಕದಲ್ಲಿತ್ತು. ಕೆಂಪು ಕೇಬಲ್ಲಿಗೆ ಎರಡು ಅಂಗುಲ ಕಡಿಮೆ. ಉದ್ದ, ಅಗಲ, ಎತ್ತರ ಎಲ್ಲವನ್ನೂ ಅಳೆದಿದ್ದೆ. ಯಾವ ತುದಿಗೆ ಏನಿದೆ ಎಂದು ನೋಡಿರಲಿಲ್ಲ. ತಿರುಗಿಸಿ ಇಟ್ಟರೆ ಪೆಟ್ಟಿಗೆಯ ಮುಚ್ಚಳ ಕೂರಲಿಲ್ಲ. ಮತ್ತೆ ಅಂಗಡಿ, ಮತ್ತೆ ಮೂರು ಪ್ರಯಾಣ. ಈ ಸಲ ದೋಣಿಯನ್ನು ಎರಡೂ ತುದಿಗೆ ಬಿಗಿದು ಕಟ್ಟಿದ್ದೆವು.

ಬ್ಯಾಟರಿ ಕಳಚುವಾಗ ಮೊದಲು ಋಣ ಬಿಚ್ಚಬೇಕು, ಕೂಡಿಸುವಾಗ ಕೊನೆಗೆ ಋಣ ಕಟ್ಟಬೇಕು. ಇಲ್ಲದಿದ್ದರೆ ಸ್ಪ್ಯಾನರ್ ತಾಗಿ ಕಿಡಿ ಹಾರೀತು. ಧನ ಭದ್ರವಾದ ಮೇಲೆಯೇ ಋಣಕ್ಕೆ ಕೈಹಾಕುವ ಈ ಪದ್ಧತಿ ನನಗೆ ಹೊಸದು. ನಾನು ದೋಣಿ ಕೊಂಡದ್ದು ತದ್ವಿರುದ್ಧ ಕ್ರಮದಲ್ಲಿ.

ಕೀಲಿ ತಿರುಗಿಸಿದೆ. ಎಡಗಡೆಯದು ಗುರ್ರೆಂದಿತು, ಬಲಗಡೆಯದು ದನಿಗೂಡಿಸಿತು. ಕೈಕುಲುಕಿಕೊಂಡೆವು. ಆಗ ಮೂಲೆಯಲ್ಲಿ ಒಂದು ಸಣ್ಣ ಕಂದು ತಂತಿ ಒಂಟಿಯಾಗಿ ಉಳಿದಿರುವುದು ಕಂಡಿತು. “ಇದು ಯಾವುದು, ಭಾವ?” ಎಲ್ಲವೂ ಓಡುತ್ತಿತ್ತು, ಹಾಡು ಕೂಡ. “ಹಿಂದಿನ ಯಜಮಾನರದ್ದು ಇರಬೇಕು” ಎಂದು ಟೇಪು ಸುತ್ತಿ ಒಳಗೆ ತುರುಕಿದೆ.

ರಾತ್ರಿಯಿಡೀ ಮಳೆ ಸುರಿಯಿತು. ದೋಣಿಯ ತಳದಲ್ಲಿ ಸೇರಿದ ನೀರನ್ನು ತಾನಾಗಿ ಹೊರಹಾಕುವ ಪಂಪನ್ನು, ಮುಖ್ಯ ಸ್ವಿಚ್ ಆಫ್ ಇದ್ದಾಗಲೂ ಕೆಲಸ ಮಾಡಲಿ ಎಂದು ನೇರವಾಗಿ ಬ್ಯಾಟರಿಗೇ ಜೋಡಿಸಿರುತ್ತಾರೆ. ಒಂದು ಸಣ್ಣ ಕಂದು ತಂತಿಯಿಂದ.

ಬೆಳಿಗ್ಗೆ ಹೋದಾಗ ಮೂರೂ ಬ್ಯಾಟರಿಗಳು ಎತ್ತರದ ಪೆಟ್ಟಿಗೆಗಳಲ್ಲಿ ಒಣಗಿಕೊಂಡು, 12.8 ವೋಲ್ಟ್ ತೋರಿಸುತ್ತ ಕುಳಿತಿದ್ದವು. ನಾವಿಬ್ಬರು ಮೊಣಕಾಲುಮಟ್ಟ ನೀರಿನಲ್ಲಿ ನಿಂತಿದ್ದೆವು. ಪಕ್ಕದಲ್ಲಿ ಹಾದುಹೋಗುತ್ತಿದ್ದ ಆ ಹಳೆಯ ದೋಣಿಯ ಯಜಮಾನರು ಈ ಸಲವೂ ಏನೂ ಹೇಳದೆ ಒಂದು ಬಕೆಟ್ ಎಸೆದರು.

“ಭಾವ,” ಎಂದ ಮೈದುನ, ಅದನ್ನು ನನ್ನ ಕೈಗೆ ದಾಟಿಸುತ್ತ, “ಇದಕ್ಕೂ ಬ್ಯಾಟರಿ ಇಲ್ಲ.”